ರಿಮೋಟ್ ಸ್ಟಾರ್ಟರ್: ಕೈಯಲ್ಲಿರುವ ಗುಂಡಿಗಿಂತ ಡ್ಯಾಶ್‌ಬೋರ್ಡಿನೊಳಗಿನ ತಂತಿ ಮುಖ್ಯ

ಅಮೆರಿಕದ ಮಿನಿಯಾಪೊಲಿಸ್ ಸುತ್ತಮುತ್ತಲಿನ ಊರುಗಳಿಗೆ ಕೆಲಸದ ಮೇಲೆ ಹೊಸದಾಗಿ ಬಂದ ಕನ್ನಡಿಗರು ನವೆಂಬರಿನಲ್ಲಿ ಮೊದಲ ಹಿಮ ಬಿದ್ದೊಡನೆ ಕಾರಿನೊಳಗೆ ಕೂರದೆ ದೂರದಿಂದಲೇ ಎಂಜಿನ್ ಚಾಲೂ ಮಾಡುವ ರಿಮೋಟ್ ಸ್ಟಾರ್ಟರ್ ಬಗ್ಗೆ ವಿಚಾರಿಸತೊಡಗುತ್ತಾರೆ. ಬಹುತೇಕ ಎಲ್ಲರ ಮೊದಲ ಪ್ರಶ್ನೆ ಒಂದೇ: ಅದು ಎಷ್ಟು ದೂರದಿಂದ ಕೆಲಸ ಮಾಡುತ್ತದೆ? ಅಂಗಡಿಯ ಡಬ್ಬಿಗಳ ಮೇಲೂ ಅದೇ ಸಂಖ್ಯೆ ದಪ್ಪಕ್ಷರದಲ್ಲಿ ಅಚ್ಚಾಗಿರುವುದರಿಂದ ಪ್ರಶ್ನೆ ಸಹಜವೇ. ಆದರೆ ಇಲ್ಲಿ ಹಲವು ಚಳಿಗಾಲಗಳನ್ನು ಕಳೆದು, ಇಂಥ ಮೂರು ಸಾಧನಗಳೊಡನೆ ಏಗಿದ ಮೇಲೆ, ದೂರದ ಲೆಕ್ಕವನ್ನು ಎಲ್ಲಕ್ಕಿಂತ ಕೊನೆಗೆ ಕೇಳಬೇಕೆಂದು ನನಗೆ ಮನವರಿಕೆಯಾಗಿದೆ. ಈ ಸಾಧನ ಕಾರನ್ನು ಏನೆಂದು ನಂಬಿಸುತ್ತದೆ, ಆ ನಂಬಿಸುವ ತಂತಿಗಳನ್ನು ಯಾರು ಹೇಗೆ ಜೋಡಿಸುತ್ತಾರೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಕೀ ತಿರುಗಿಸಿ ಕಾರು ಹೊರಡಿಸುವಾಗ ನಮ್ಮ ಕೈ ನಾಲ್ಕೈದು ಕೆಲಸಗಳನ್ನು ಒಂದರ ಹಿಂದೊಂದು ಮಾಡುತ್ತದೆ, ಆದರೆ ಅಭ್ಯಾಸಬಲದಿಂದ ಅದು ನಮಗೆ ಒಂದೇ ಕೆಲಸವೆನ್ನಿಸುತ್ತದೆ. ಮೊದಲ ತಿರುವಿಗೆ ರೇಡಿಯೋ, ಫ್ಯಾನುಗಳ ತಂತಿಗೆ ವಿದ್ಯುತ್ ಹೋಗುತ್ತದೆ. ಮುಂದಿನ ತಿರುವಿಗೆ ಇಗ್ನಿಷನ್ ತಂತಿ ಜೀವ ಪಡೆದು ಇಂಧನದ ಪಂಪು, ಎಂಜಿನ್ನಿನ ಕಂಪ್ಯೂಟರು ಎಚ್ಚರಗೊಳ್ಳುತ್ತವೆ. ಕೊನೆಯ ತಿರುವಿನಲ್ಲಿ ಒಂದೆರಡು ಸೆಕೆಂಡು ಸ್ಟಾರ್ಟರ್ ಮೋಟಾರಿನ ತಂತಿಗೆ ವಿದ್ಯುತ್ ಹರಿದು ಎಂಜಿನ್ ತಿರುಗುತ್ತದೆ, ಆ ಹೊತ್ತಿನಲ್ಲಿ ರೇಡಿಯೋ ಕ್ಷಣಮಾತ್ರ ಸುಮ್ಮನಾಗುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ಕೂರುವ ರಿಮೋಟ್ ಸ್ಟಾರ್ಟರಿನ ಮಾಡ್ಯೂಲು ಈ ಅನುಕ್ರಮವನ್ನೇ ರಿಲೇಗಳ, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚುಗಳ, ಮೂಲಕ ನಕಲು ಮಾಡುತ್ತದೆ. ಹೀಗಾಗಿ ಹಳೆಯ ಕಾಲದ ಕಾರಿಗೆ ಇದನ್ನು ಕೂರಿಸುವುದೆಂದರೆ ಬ್ಯಾಟರಿಯ ತಂತಿ, ಇಗ್ನಿಷನ್ ತಂತಿ, ಸ್ಟಾರ್ಟರ್ ತಂತಿ, ಬ್ರೇಕ್ ದೀಪದ ತಂತಿ ಇವಿಷ್ಟನ್ನು ಹುಡುಕಿ ಸೇರಿಸುವ ಕೆಲಸವಾಗಿತ್ತು. ಒಂದು ಶನಿವಾರ, ಒಬ್ಬ ಗೆಳೆಯ, ಒಂದು ಫ್ಲಾಸ್ಕ್ ಕಾಫಿ ಇದ್ದರೆ ಸಾಕಿತ್ತು.

ಕೆಲಸ ಜಟಿಲವಾದದ್ದು ಕಾರಿನ ಕಳವು ತಡೆಯುವ ಇಮ್ಮೊಬಿಲೈಸರ್ ಬಂದ ಮೇಲೆ. ಕೀಯ ಪ್ಲಾಸ್ಟಿಕ್ ಹಿಡಿಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಚಿಪ್ ಅಡಗಿರುತ್ತದೆ. ಅದಕ್ಕೆ ಸ್ವಂತ ಬ್ಯಾಟರಿಯ ಅಗತ್ಯವಿಲ್ಲ. ಕೀ ತೂರಿಸುವ ಜಾಗದ ಸುತ್ತ ಇರುವ ತಂತಿಯ ಸುರುಳಿ ಹೊರಡಿಸುವ ಅಲೆಯಿಂದಲೇ ಶಕ್ತಿ ಪಡೆದು, ತನ್ನ ಗುರುತಿನ ಸಂಕೇತವನ್ನು ಮರಳಿ ಕಳಿಸುತ್ತದೆ. ಸಂಕೇತ ಹೊಂದದಿದ್ದರೆ ಎಂಜಿನ್ನಿನ ಕಂಪ್ಯೂಟರು ಇಂಧನವನ್ನೋ ಕಿಡಿಯನ್ನೋ ತಡೆಹಿಡಿಯುತ್ತದೆ, ಸ್ಟಾರ್ಟರ್ ಎಷ್ಟೇ ತಿರುಗಿದರೂ ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಕೆನಡಾದಲ್ಲಿ 2007ರ ಸೆಪ್ಟೆಂಬರಿನಿಂದ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯವಾಯಿತು. ಅಮೆರಿಕದಲ್ಲಿ ಕಡ್ಡಾಯವಿಲ್ಲದಿದ್ದರೂ ಹೆಚ್ಚಿನ ತಯಾರಕರು ಅಳವಡಿಸಿಕೊಂಡರು. ಅಂದರೆ ಮಾಲೀಕ ಅಡುಗೆಮನೆಯಲ್ಲಿ ನಿಂತು ಗುಂಡಿ ಒತ್ತಿದಾಗ, ಅವನ ಕೀ ಒಳಗಿದೆಯೆಂದು ಕಾರಿಗೆ ನಂಬಿಸುವ ಹೊಣೆಯೂ ಈ ಸಾಧನದ ಮೇಲೆ ಬಿತ್ತು. ಆ ಹೊಣೆ ಹೊರುವ ಭಾಗಕ್ಕೆ ಬೈಪಾಸ್ ಮಾಡ್ಯೂಲ್ ಎಂದು ಹೆಸರು.

ಬೈಪಾಸಿನಲ್ಲಿ ಎರಡು ಬಗೆಗಳಿವೆ. ಹಳೆಯ ಬಗೆಯಲ್ಲಿ ನಿಜವಾದ ಒಂದು ಹೆಚ್ಚುವರಿ ಕೀಯನ್ನೇ, ಅಥವಾ ಅದರ ಚಿಪ್ಪನ್ನು, ಸಣ್ಣ ಡಬ್ಬಿಯೊಳಗಿಟ್ಟು ಡ್ಯಾಶ್‌ಬೋರ್ಡಿನ ಹಿಂದೆ ಬಚ್ಚಿಡುತ್ತಾರೆ. ಸಾಧನ ಚಾಲೂ ಆದಾಗ ಮಾತ್ರ ಡಬ್ಬಿಯ ಸುರುಳಿಗೆ ವಿದ್ಯುತ್ ಹರಿದು ಚಿಪ್ಪಿನ ಸಂಕೇತ ಕಾರಿಗೆ ತಲುಪುತ್ತದೆ. ಇದು ಕೆಲಸವನ್ನೇನೋ ಮಾಡುತ್ತದೆ, ಆದರೆ ಮನೆಯ ಬೀಗದ ಕೈಯನ್ನು ಬಾಗಿಲ ಬಳಿಯ ಹೂಕುಂಡದ ಕೆಳಗಿಟ್ಟು ಊರಿಗೆ ಹೋದ ಹಾಗೆ. ಎಲ್ಲಿದೆಯೆಂದು ಬಲ್ಲವನಿಗೆ ಕಾರು ಸುಲಭದ ತುತ್ತು. ಹೊಸ ಬಗೆಯ ಮಾಡ್ಯೂಲುಗಳು ಕಾರಿನೊಳಗಿನ ಮಾಹಿತಿಜಾಲಕ್ಕೆ, ಅಂದರೆ ಕ್ಯಾನ್ ಬಸ್ ಎನ್ನುವ ತಂತಿಜೋಡಿಗೆ, ಸೇರಿಕೊಂಡು ಅಗತ್ಯವಾದ ಸಂಕೇತವನ್ನು ಕಾರಿನದೇ ಭಾಷೆಯಲ್ಲಿ ಕಳಿಸುತ್ತವೆ. ಕೆನಡಾದ ಕ್ವಿಬೆಕ್‌ನ ಫೋರ್ಟಿನ್, ಐಡೇಟಾಲಿಂಕ್ ಮುಂತಾದ ಹೆಸರುಗಳು ಈ ವ್ಯವಹಾರದಲ್ಲಿ ಪದೇ ಪದೇ ಕೇಳಿಬರುತ್ತವೆ. ಇವುಗಳಿಗೆ ಕಾರಿನ ತಯಾರಿಕೆ, ಮಾದರಿ, ವರ್ಷ, ಕೀ ತಿರುಗಿಸುವುದೋ ಗುಂಡಿ ಒತ್ತುವುದೋ ಎಂಬ ವಿವರಗಳಿಗೆ ಸರಿಹೊಂದುವ ತಂತ್ರಾಂಶವನ್ನು ಕಂಪ್ಯೂಟರಿನಿಂದ ತುಂಬಬೇಕಾಗುತ್ತದೆ. ಇದೇ ಕಾರಣಕ್ಕೆ, ಪಕ್ಕದ ಮನೆಯವರ ಕಾರಿಗೆ ಸೊಗಸಾಗಿ ಕೆಲಸ ಮಾಡಿದ ಸಾಧನ, ಒಂದೇ ವರ್ಷ ಹೊಸದಾದ ಅದೇ ಮಾದರಿಗೆ ಹೊಂದದೆ ಹೋಗಬಹುದು. ಆಯ್ಕೆ ಮಾಡುವಾಗ ಮೊದಲು ನೋಡಬೇಕಾದದ್ದು ಈ ಹೊಂದಾಣಿಕೆಯ ಪಟ್ಟಿಯನ್ನು. ರಿಮೋಟಿನ ಅಂದಚಂದವನ್ನು ಆಮೇಲೆ ನೋಡಿದರಾಯಿತು.

ನಂಬಿಸಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಎಂಜಿನ್ ಹೊತ್ತಿಕೊಂಡಿತೋ ಇಲ್ಲವೋ ಎಂಬುದನ್ನು ನಾವು ಕಿವಿಯಿಂದ ತಿಳಿದು ಕೀ ಬಿಡುತ್ತೇವೆ, ಮಾಡ್ಯೂಲಿಗೆ ಕಿವಿಯಿಲ್ಲ. ಅದು ಎಂಜಿನ್ನಿನ ಸುತ್ತುವೇಗವನ್ನು ಓದಿ ತೀರ್ಮಾನಿಸಬೇಕು, ಇಲ್ಲವೇ ಬ್ಯಾಟರಿಯ ವೋಲ್ಟೇಜು ಏರಿದ್ದನ್ನು ಕಂಡು ಊಹಿಸಬೇಕು. ಎರಡನೆಯದು ಹೊಸ ಬ್ಯಾಟರಿಯಲ್ಲಿ ಸರಿಹೋದರೂ, ಮೈನಸ್ 25 ಡಿಗ್ರಿಯ ಬೆಳಗಿನಲ್ಲಿ ಸೊರಗಿದ ಬ್ಯಾಟರಿಯೊಡನೆ ಎಡವುತ್ತದೆ: ಎಂಜಿನ್ ಹೊತ್ತುವ ಮೊದಲೇ ಸ್ಟಾರ್ಟರನ್ನು ಬಿಟ್ಟುಬಿಡುತ್ತದೆ, ಅಥವಾ ಹೊತ್ತಿದ ಮೇಲೂ ಹಿಡಿದುಕೊಂಡಿದ್ದು ಹಲ್ಲು ಕಡಿಯುವಂಥ ಸದ್ದು ಹೊರಡಿಸುತ್ತದೆ. ಡೀಸೆಲ್ ಎಂಜಿನ್ನಾದರೆ ಅದರ ಒಳಗನ್ನು ಬೆಚ್ಚಗಾಗಿಸುವ ಗ್ಲೋ ಪ್ಲಗ್ ಬಿಸಿಯಾಗುವವರೆಗೆ ತಡೆಯುವ ಸೌಲಭ್ಯವೂ ಇರಬೇಕು. ಸುತ್ತುವೇಗವನ್ನು ನೇರವಾಗಿ ಓದುವ ಜೋಡಣೆಯನ್ನೇ ಮಾಡಿಕೊಡಿ ಎಂದು ಕೇಳುವುದು ಗಿರಾಕಿಯ ಹಕ್ಕು. ಕೇಳದಿದ್ದರೆ ಕೆಲವರು ಹತ್ತು ನಿಮಿಷ ಉಳಿಸಲು ಅದನ್ನು ಬಿಟ್ಟುಬಿಡುವುದುಂಟು.

ಈಗ ಕೊಳ್ಳುವ ಮಾತು. ಕೆಲವರ ಕಾರಿನಲ್ಲಿ ಈ ಸೌಲಭ್ಯ ಆಗಲೇ ಇರುತ್ತದೆ, ಅವರಿಗೇ ಗೊತ್ತಿರುವುದಿಲ್ಲ. ಜನರಲ್ ಮೋಟಾರ್ಸ್ 2004ರ ಮಾದರಿಯ ಷೆವರ್ಲೆ ಮಾಲಿಬುವಿನಲ್ಲಿ ಕಾರ್ಖಾನೆಯಲ್ಲೇ ಇದನ್ನು ಜೋಡಿಸಿ ಕೊಟ್ಟ ಮೇಲೆ ಉಳಿದವರೂ ಅನುಸರಿಸಿದರು. ಆದ್ದರಿಂದ ಮೊದಲು ಕೈಪಿಡಿಯನ್ನು ತೆರೆದು ನೋಡುವುದು ಒಳ್ಳೆಯದು. ಇಲ್ಲದಿದ್ದರೆ ಸಾಮಾನ್ಯವಾಗಿ ಮೂರು ಮೆಟ್ಟಿಲುಗಳ ಆಯ್ಕೆಯಿದೆ. ಅತ್ಯಂತ ಅಗ್ಗದ ಬಗೆಯಲ್ಲಿ ಹೊಸ ರಿಮೋಟೇ ಇರುವುದಿಲ್ಲ. ಕಾರಿನ ಜೊತೆಗೆ ಬಂದ ಕೀಯಲ್ಲಿ ಲಾಕ್ ಗುಂಡಿಯನ್ನು ಮೂರು ಸಲ ಒತ್ತಿದರೆ ಎಂಜಿನ್ ಚಾಲೂ ಆಗುತ್ತದೆ. ಮನೆಯ ಮುಂದೆಯೇ ಕಾರು ನಿಲ್ಲಿಸುವವರಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲವೆಂಬುದು ನನ್ನ ಅಭಿಪ್ರಾಯ: ಜೇಬಿಗೆ ಇನ್ನೊಂದು ಭಾರವಿಲ್ಲ, ಕಳೆದುಹೋಗುವ ಭಯವಿಲ್ಲ. ಎರಡನೆಯ ಮೆಟ್ಟಿಲಲ್ಲಿ ಪ್ರತ್ಯೇಕ ರಿಮೋಟ್ ಇರುತ್ತದೆ. ಅದರಲ್ಲೂ ಆದೇಶವನ್ನು ಕಳಿಸಿ ಸುಮ್ಮನಾಗುವ ಏಕಮುಖದ್ದೊಂದು, ಎಂಜಿನ್ ನಿಜಕ್ಕೂ ಹೊತ್ತಿಕೊಂಡಿತೆಂದು ಮರಳಿ ತಿಳಿಸುವ ದ್ವಿಮುಖದ್ದೊಂದು. ಕಚೇರಿಯ ನಾಲ್ಕನೆಯ ಮಹಡಿಯಿಂದ ಪಾರ್ಕಿಂಗ್ ಕಾಣಿಸದವರಿಗೆ ಈ ಮರುತ್ತರವೇ ಮುಖ್ಯ. ಅದಿಲ್ಲದಿದ್ದರೆ ಒತ್ತಿದ್ದು ತಲುಪಿತೋ ಇಲ್ಲವೋ ಎಂಬ ಅನುಮಾನದಲ್ಲಿ ಮತ್ತೆ ಒತ್ತಿ, ಹೊತ್ತಿಕೊಂಡಿದ್ದ ಎಂಜಿನ್ನನ್ನು ತಾವೇ ಆರಿಸಿಬಿಡುವುದು ದಿನನಿತ್ಯದ ಕಥೆ.

ಡಬ್ಬಿಯ ಮೇಲಿನ ದೂರ, ಅಡೆತಡೆಯಿಲ್ಲದ ಬಯಲಿನಲ್ಲಿ ಅಳೆದದ್ದು. ಕಾಂಕ್ರೀಟ್ ಗೋಡೆ, ಲಿಫ್ಟಿನ ಕಬ್ಬಿಣ, ಗಾಜಿಗೆ ಹಚ್ಚಿದ ಲೋಹಮಿಶ್ರಿತ ಫಿಲ್ಮು ಇವೆಲ್ಲ ಸೇರಿದರೆ ಅದರ ಅರ್ಧವೂ ಸಿಗದಿರಬಹುದು. ರಿಮೋಟನ್ನು ಗಲ್ಲಕ್ಕೆ ಆನಿಸಿ ಒತ್ತಿದರೆ ಇನ್ನಷ್ಟು ದೂರ ಹೋಗುತ್ತದೆಯೆಂದು ಸಹೋದ್ಯೋಗಿಯೊಬ್ಬರು ಹೇಳಿದಾಗ ನಾನು ನಕ್ಕಿದ್ದೆ. ಮಾಡಿ ನೋಡಿದ ಮೇಲೆ ನಗುವುದನ್ನು ಬಿಟ್ಟೆ. ನೀರಿನಂಶ ತುಂಬಿದ ತಲೆ ಆ ಅಲೆಗಳಿಗೆ ಆಂಟೆನಾದಂತೆ ನೆರವಾಗುತ್ತದೆ.

ಮೂರನೆಯ ಮೆಟ್ಟಿಲು ಮೊಬೈಲ್ ಆಪ್ ಮೂಲಕ ನಡೆಯುವ ಬಗೆ. ದೂರದ ಮಿತಿಯಿಲ್ಲ, ಆದರೆ ವರ್ಷ ವರ್ಷವೂ ಚಂದಾ ಕಟ್ಟಬೇಕು, ಮೇಲಾಗಿ ಸಾಧನದ ಆಯುಸ್ಸು ಮೊಬೈಲ್ ಜಾಲದ ಆಯುಸ್ಸಿಗೆ ಗಂಟುಬಿದ್ದಿರುತ್ತದೆ. 2022ರಲ್ಲಿ ಅಮೆರಿಕದ ಮೊಬೈಲ್ ಕಂಪನಿಗಳು 3ಜಿ ಜಾಲವನ್ನು ಮುಚ್ಚಿದಾಗ ಹಲವು ಕಾರುಗಳ ಆಪ್ ಸೌಲಭ್ಯಗಳು ಒಮ್ಮೆಗೇ ಮೂಕವಾದವು. ಅದಕ್ಕೂ ಮುಂಚೆ, 2021ರ ಡಿಸೆಂಬರಿನಲ್ಲಿ, ಟೊಯೊಟಾದ ಕೆಲವು ಮಾದರಿಗಳಲ್ಲಿ ಕೀಯಿಂದಲೇ ಎಂಜಿನ್ ಚಾಲೂ ಮಾಡುವುದಕ್ಕೂ ಉಚಿತ ಅವಧಿ ಮುಗಿದ ಮೇಲೆ ಚಂದಾ ಬೇಕೆಂಬುದು ಬಯಲಾಗಿ ದೊಡ್ಡ ಗದ್ದಲವಾಗಿತ್ತು. ಕೈಯಲ್ಲಿರುವ ಕೀಗೂ ಪಕ್ಕದಲ್ಲಿರುವ ಕಾರಿಗೂ ನಡುವೆ ಇಂಟರ್‌ನೆಟ್ಟಿಗೆ ಕೆಲಸವೇ ಇಲ್ಲದಿರುವಾಗ ಬಾಡಿಗೆ ಯಾವುದಕ್ಕೆ ಎಂದು ಜನ ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಗೇರು ಕೈಯಿಂದ ಹಾಕುವ ಕಾರಿನವರು ಬೇರೆಯದೇ ಎಚ್ಚರ ವಹಿಸಬೇಕು. ಗೇರಿನಲ್ಲೇ ನಿಲ್ಲಿಸಿದ ಕಾರು ತಾನಾಗಿ ಚಾಲೂ ಆದರೆ ಮುಂದಕ್ಕೆ ನೆಗೆಯುತ್ತದೆ. ಇದಕ್ಕೆ ಮಾಡಿಕೊಂಡ ಉಪಾಯ ಜಾಣತನದ್ದು: ಚಾಲಕ ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಓಡುತ್ತಿರುವಾಗಲೇ ಕೀ ತೆಗೆದು ಕೆಳಗಿಳಿಯಬೇಕು; ಬಾಗಿಲು ಹಾಕಿದ ಮೇಲೆ ಸಾಧನ ತಾನೇ ಎಂಜಿನ್ ಆರಿಸುತ್ತದೆ. ಒಳಗೆ ಯಾರೂ ಇಲ್ಲ, ಗೇರು ನ್ಯೂಟ್ರಲ್‌ನಲ್ಲಿದೆ ಎಂದು ಅದಕ್ಕೆ ಖಾತ್ರಿಯಾಗುವುದು ಹೀಗೆ. ಆಮೇಲೆ ಒಂದು ಬಾಗಿಲು ತೆರೆದರೂ ಆ ಖಾತ್ರಿ ರದ್ದಾಗಿ, ರಿಮೋಟಿನಿಂದ ಚಾಲೂ ಮಾಡಲಾಗುವುದಿಲ್ಲ. ಇಷ್ಟಾದರೂ ಅನೇಕ ಅಂಗಡಿಯವರು ಇಂಥ ಕಾರುಗಳನ್ನು ಮುಟ್ಟಲು ಒಪ್ಪುವುದಿಲ್ಲ, ಅವರನ್ನು ದೂರುವಂತೆಯೂ ಇಲ್ಲ.

ಜೋಡಣೆಯ ವಿಷಯದಲ್ಲಿ ನನ್ನ ಪಾಠ ದುಬಾರಿಯಾಗಿಯೇ ಆಯಿತು. ಇಲ್ಲಿ ನಾನು ಕೊಂಡ ಮೊದಲ ಕಾರು ಹಳೆಯದು. ರಿಮೋಟ್ ಸ್ಟಾರ್ಟರ್ ಇದೆಯೆಂಬುದನ್ನೇ ದೊಡ್ಡ ಗುಣವೆಂದು ಮಾರಿದವರು ಹೇಳಿದ್ದರು. ಎರಡನೆಯ ಚಳಿಗಾಲದ ಒಂದು ಬೆಳಿಗ್ಗೆ ಹೆದ್ದಾರಿಗೆ ಸೇರುವ ತಿರುವಿನಲ್ಲಿ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆಗೇ ಆರಿ, ಎಂಜಿನ್ ನಿಂತು, ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಯಿತು. ಪಕ್ಕಕ್ಕೆ ಹೇಗೋ ಉರುಳಿಸಿ ನಿಲ್ಲಿಸಿದೆ. ಗ್ಯಾರೇಜಿನಲ್ಲಿ ಸ್ಟೀರಿಂಗಿನ ಕೆಳಗಿನ ಹಲಗೆ ಬಿಚ್ಚಿದಾಗ ಕಂಡದ್ದು ಗುಬ್ಬಿಗೂಡು: ಕಪ್ಪು ಟೇಪು ಸುತ್ತಿ ಅಂಟು ಬಿಟ್ಟುಹೋದ ಗಂಟುಗಳು, ಇಗ್ನಿಷನ್ನಿನ ದಪ್ಪ ತಂತಿಯನ್ನು ಕಚ್ಚಿಕೊಂಡಿದ್ದ ಒಂದು ಅಗ್ಗದ ಪ್ಲಾಸ್ಟಿಕ್ ಕ್ಲಿಪ್ಪು. ಅದು ಕಚ್ಚಿದಲ್ಲಿ ತಾಮ್ರದ ಎಳೆಗಳು ಅರ್ಧಕ್ಕರ್ಧ ತುಂಡಾಗಿ, ಉಳಿದವು ಕಾದು ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿತ್ತು. ರಿಮೋಟಿನಲ್ಲಿ ಯಾವ ದೋಷವೂ ಇರಲಿಲ್ಲ.

ತಂತಿಯ ಮೇಲೆ ಒತ್ತಿ ಕೂರಿಸುವ ಇಂಥ ಕ್ಲಿಪ್ಪುಗಳು ಕೆಲಸವನ್ನು ಬೇಗ ಮುಗಿಸುತ್ತವೆ, ಆದರೆ ಸ್ಟಾರ್ಟರ್ ಮತ್ತು ಇಗ್ನಿಷನ್ ತಂತಿಗಳಲ್ಲಿ ಹರಿಯುವ ವಿದ್ಯುತ್ತಿನ ಪ್ರಮಾಣಕ್ಕೂ, ಚಳಿಯಲ್ಲಿ ಕುಗ್ಗಿ ಸೆಕೆಯಲ್ಲಿ ಹಿಗ್ಗುವ ಲೋಹದ ಚೇಷ್ಟೆಗೂ ಅವು ತಡೆಯುವುದಿಲ್ಲ. ತಂತಿಯ ಹೊದಿಕೆಯನ್ನು ಸುಲಿದು, ಸುತ್ತಿ, ಬೆಸುಗೆ ಹಾಕಿ, ಮೇಲೆ ಶಾಖಕ್ಕೆ ಕುಗ್ಗುವ ಕೊಳವೆ ಹಾಕಿದರೆ ಕಾರು ಗುಜರಿಗೆ ಹೋಗುವವರೆಗೂ ಆ ಗಂಟು ನಿಲ್ಲುತ್ತದೆ. ಅದಕ್ಕಿಂತ ಮೇಲಾದ ದಾರಿ, ಆಯಾ ಕಾರಿಗೆಂದೇ ತಯಾರಾದ ಟಿ-ಹಾರ್ನೆಸ್ ಎಂಬ ಪ್ಲಗ್ಗುಳ್ಳ ತಂತಿಗುಚ್ಛ. ಕಾರಿನ ಪ್ಲಗ್ಗನ್ನು ಬಿಚ್ಚಿ ನಡುವೆ ಇದನ್ನು ಸಿಕ್ಕಿಸಿದರಾಯಿತು, ಕಾರಿನ ಮೂಲ ತಂತಿಯನ್ನು ಕತ್ತರಿಸುವ ಪ್ರಮೇಯವೇ ಬಹುಪಾಲು ಬರುವುದಿಲ್ಲ, ಬೇಡವಾದ ದಿನ ತೆಗೆದುಬಿಡಲೂಬಹುದು. ನಿಮ್ಮ ಕಾರಿಗೆ ಟಿ-ಹಾರ್ನೆಸ್ ಸಿಗುತ್ತದೆಯೆಂದಾದರೆ ಇನ್ನೊಂದು ಯೋಚನೆ ಬೇಡ, ಸ್ವಲ್ಪ ಹೆಚ್ಚು ದುಡ್ಡಾದರೂ ಅದನ್ನೇ ಕೇಳಿ.

ತಾವೇ ಕೂರಿಸಬೇಕೆನ್ನುವ ಉತ್ಸಾಹಿಗಳಿಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ತಂತಿಯಲ್ಲಿ ವಿದ್ಯುತ್ ಇದೆಯೇ ಎಂದು ನೋಡಲು ಬಲ್ಬಿನ ಟೆಸ್ಟರ್ ಬಳಸಬಾರದು, ಡಿಜಿಟಲ್ ಮಲ್ಟಿಮೀಟರೇ ಬೇಕು. ಬಲ್ಬು ಎಳೆಯುವ ವಿದ್ಯುತ್ತು ಸೂಕ್ಷ್ಮವಾದ ಮಾಹಿತಿತಂತಿಗಳನ್ನು ಹಾಳುಮಾಡಬಲ್ಲದು, ಏರ್‌ಬ್ಯಾಗಿನ ತಂತಿಗೆ ತಗುಲಿದರೆ ಏರ್‌ಬ್ಯಾಗ್ ಮುಖಕ್ಕೇ ಸಿಡಿಯುವ ಅಪಾಯವಿದೆ. ಸ್ಟೀರಿಂಗಿನ ಕೆಳಗೆ ಕಾಣುವ ಹಳದಿ ಪ್ಲಗ್ಗುಗಳು, ಹಳದಿ ಹೊದಿಕೆಯ ತಂತಿಗಳು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿದವು; ಅವನ್ನು ಮುಟ್ಟಲೇಬಾರದು. ಇನ್ನು ಕಾರಿನ ಲೋಹದ ಮೈಗೆ ಸೇರುವ ಗ್ರೌಂಡ್ ತಂತಿಯನ್ನು ಬಣ್ಣ ಕೆರೆದು ಬರಿಲೋಹಕ್ಕೆ ಬಿಗಿಯಬೇಕು. ವಿಚಿತ್ರವಾಗಿ ವರ್ತಿಸುವ ಸಾಧನವನ್ನು ಬೈಯುವ ಮೊದಲು ಅದರ ಗ್ರೌಂಡನ್ನು ನೋಡಬೇಕೆಂಬುದು ಈ ಕಸುಬಿನವರ ಅನುಭವ.

ಬಾನೆಟ್ ಅಡಿಯಲ್ಲಿ ಕೂರುವ ಪುಟ್ಟ ಸ್ವಿಚ್ಚಿನ ಬೆಲೆ ಕೆಲವೇ ಡಾಲರು, ಆದರೆ ಇಡೀ ಜೋಡಣೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗೌರವ ಕೊಡುವುದು ಅದಕ್ಕೆ. ಬಾನೆಟ್ ತೆರೆದಿರುವಾಗ ಎಂಜಿನ್ ಚಾಲೂ ಆಗದಂತೆ ಅದು ತಡೆಯುತ್ತದೆ. ಬೆಲ್ಟಿನ ಪಕ್ಕದಲ್ಲಿ ಬೆರಳಿಟ್ಟ ಮೆಕ್ಯಾನಿಕ್ಕಿಗೂ, ಮನೆಯೊಳಗೆ ರಿಮೋಟ್ ಹಿಡಿದು ಆಡುವ ಮಗುವಿಗೂ ನಡುವೆ ಇರುವ ಗೋಡೆ ಅದೊಂದೇ. ಅದನ್ನು ನೀರು ಹರಿಯುವ ಜಾಗದಲ್ಲಿ ಕೂರಿಸಿದರೆ, ರಸ್ತೆಗೆ ಸುರಿಯುವ ಉಪ್ಪಿನಿಂದ ಒಂದೆರಡು ವರ್ಷದಲ್ಲಿ ತುಕ್ಕು ಹಿಡಿಯುತ್ತದೆ. ಆಗ ಕೆಲವರು ಅದನ್ನು ಬದಲಿಸುವ ಬದಲು ತಂತಿಯನ್ನೇ ಕತ್ತರಿಸಿಬಿಡುತ್ತಾರೆ.

ಅಂಗಡಿಯಿಂದ ಕಾರು ಹೊರತರುವ ಮೊದಲು ಅಲ್ಲೇ ನಿಂತು ಪರೀಕ್ಷಿಸಬೇಕು, ಕೂರಿಸಿದವರ ಎದುರಿಗೇ. ರಿಮೋಟಿನಿಂದ ಚಾಲೂ ಮಾಡಿ, ಕೀ ಇಲ್ಲದೆ ಬ್ರೇಕ್ ತುಳಿದರೆ ಎಂಜಿನ್ ಆರಬೇಕು. ಮತ್ತೆ ಚಾಲೂ ಮಾಡಿ ಬಾನೆಟ್ ಎತ್ತಿಸಿದರೆ ಆರಬೇಕು. ಎತ್ತಿರುವಾಗ ಚಾಲೂ ಆಗಬಾರದು. ಬ್ರೇಕ್ ತುಳಿದುಕೊಂಡು ಗೇರನ್ನು ಪಾರ್ಕ್‌ನಿಂದ ಬೇರೆಡೆಗೆ ಸರಿಸಿ ರಿಮೋಟ್ ಒತ್ತಿದರೆ ಸ್ಟಾರ್ಟರ್ ಒಂದು ಸುತ್ತೂ ತಿರುಗಬಾರದು. ಆಮೇಲೆ ಎಂಜಿನ್ ಓಡುತ್ತಿರುವಾಗಲೇ ಒಳಗೆ ಕೂತು, ಕೀ ತಿರುಗಿಸಿ ಅಥವಾ ಕೀ ಜೇಬಿನಲ್ಲಿರಿಸಿಕೊಂಡು ಬ್ರೇಕ್ ಒತ್ತಿ, ಚಾಲನೆ ನಿಮ್ಮ ಕೈಗೆ ಬರುತ್ತದೆಯೇ ನೋಡಬೇಕು. ಗುಂಡಿ ಒತ್ತುವ ಕೆಲವು ಕಾರುಗಳಲ್ಲಿ ಬಾಗಿಲು ತೆರೆದ ಕೂಡಲೇ ಎಂಜಿನ್ ಆರುವುದೇ ವಿನ್ಯಾಸವಾಗಿರುತ್ತದೆ, ಅದನ್ನು ದುಡ್ಡು ಕೊಡುವ ಮೊದಲೇ ಕೇಳಿ ತಿಳಿದಿರಬೇಕು. ವಾರಂಟಿಯ ಬಗ್ಗೆಯೂ ಒಂದು ಮಾತು: ಅಮೆರಿಕದಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆಯ ಪ್ರಕಾರ, ಹೊರಗಿನ ಭಾಗ ಕೂರಿಸಿದ ಮಾತ್ರಕ್ಕೆ ಕಾರಿನ ಇಡೀ ವಾರಂಟಿ ರದ್ದಾಗುವುದಿಲ್ಲ, ಆ ಭಾಗದಿಂದಲೇ ಕೆಟ್ಟಿತೆಂದು ತೋರಿಸಬೇಕಾಗುತ್ತದೆ. ನನ್ನ ಕಾರಿನ ಕಂದುಬಣ್ಣದ ಕ್ಲಿಪ್ಪಿನಂಥದ್ದಿದ್ದರೆ ಅದನ್ನು ತೋರಿಸಲು ಎರಡು ನಿಮಿಷ ಸಾಕು.

ಇಷ್ಟೆಲ್ಲ ಆದ ಮೇಲೆ ಇದನ್ನು ಬಳಸುವುದು ಎಂಜಿನ್ನಿನ ಹಿತಕ್ಕೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಈಗಿನ ಎಂಜಿನ್ನುಗಳು ಒಂದರ್ಧ ನಿಮಿಷದ ಬಳಿಕ ನಿಧಾನವಾಗಿ ಓಡಿಸುತ್ತ ಹೋದರೆ ಇನ್ನೂ ಬೇಗ ಬೆಚ್ಚಗಾಗುತ್ತವೆ. ಮೂರು ಲೀಟರ್ ಎಂಜಿನ್ ಹತ್ತು ನಿಮಿಷ ಸುಮ್ಮನೆ ಓಡಿದರೆ ಸುಮಾರು 300 ಮಿಲಿಲೀಟರ್ ಪೆಟ್ರೋಲ್ ಉರಿಯುತ್ತದೆಯೆಂಬುದು ಕೆನಡಾದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಲೆಕ್ಕ. ರಿಮೋಟ್ ಸ್ಟಾರ್ಟರ್ ಇರುವುದು ಗಾಜಿನ ಮೇಲಿನ ಮಂಜುಗಡ್ಡೆ ಸಡಿಲಾಗಲಿಕ್ಕೆ, ಕೂಸಿನ ಸೀಟು ಬೆಚ್ಚಗಾಗಲಿಕ್ಕೆ. ಅದಕ್ಕೆ ಹಿಂದಿನ ರಾತ್ರಿಯೇ ಹೀಟರನ್ನು ಮುಂಗಾಜಿನತ್ತ ತಿರುಗಿಸಿ, ವೈಪರ್ ಆರಿಸಿ ಇಳಿಯಬೇಕು. ಗಾಜಿಗೆ ಅಂಟಿ ಹೆಪ್ಪುಗಟ್ಟಿದ ವೈಪರು ಬೆಳಿಗ್ಗೆ ತಾನಾಗಿ ಎದ್ದರೆ ರಬ್ಬರು ಹರಿಯುತ್ತದೆ, ಫ್ಯೂಸೂ ಹೋಗಬಹುದು. ಮೈನಸ್ 20ಕ್ಕಿಂತ ಕೆಳಗೆ ಎಂಜಿನ್ನಿನ ಹಿತ ಕಾಯುವುದು ಅದನ್ನು ವಿದ್ಯುತ್ತಿನಿಂದ ಬೆಚ್ಚಗಾಗಿಸುವ ಬ್ಲಾಕ್ ಹೀಟರ್, ಅದನ್ನು ಹೊರಡುವ ಎರಡು ಗಂಟೆ ಮೊದಲು ಪ್ಲಗ್ಗಿಗೆ ಹಾಕಿದರೆ ಸಾಕು. ಬ್ಯಾಟರಿ ಸೊರಗಿದ್ದರೆ ರಿಮೋಟ್ ಸ್ಟಾರ್ಟರ್ ನೆರವಾಗುವುದಿಲ್ಲ, ಮತ್ತೆ ಮತ್ತೆ ಪ್ರಯತ್ನಿಸಿ ಉಳಿದ ಜೀವವನ್ನೂ ಹೀರಿಬಿಡುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಬ್ಯಾಟರಿ ಎಷ್ಟು ವಿದ್ಯುತ್ ಕೊಡಬಲ್ಲದೆಂಬ ಸಂಖ್ಯೆ ಅದರ ಚೀಟಿಯ ಮೇಲೇ ಇರುತ್ತದೆ, ಚಳಿಗಾಲಕ್ಕೆ ಮುಂಚೆ ಪರೀಕ್ಷೆ ಮಾಡಿಸುವುದು ಒಳಿತು.

ಜೀವಕ್ಕೆ ಎರವಾಗುವ ತಪ್ಪುಗಳೂ ಎರಡಿವೆ. ಮನೆಗೆ ಅಂಟಿಕೊಂಡ ಗ್ಯಾರೇಜಿನೊಳಗೆ ಕಾರನ್ನು ಹೀಗೆ ಚಾಲೂ ಮಾಡಬಾರದು, ಶಟರ್ ತೆರೆದಿದ್ದರೂ ಮಾಡಬಾರದು. ಬಣ್ಣ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಮಲಗುವ ಕೋಣೆಯವರೆಗೆ ನುಸುಳುತ್ತದೆ. ರಾತ್ರಿಯಿಡೀ ಹಿಮ ಸುರಿದಿದ್ದರೆ ಮೊದಲು ಸಲಿಕೆ ಹಿಡಿದು ಹೊಗೆಕೊಳವೆಯ ಸುತ್ತ ತೆರವು ಮಾಡಿ, ಆಮೇಲೆ ಗುಂಡಿ ಒತ್ತಬೇಕು. ಕೊಳವೆ ಮುಚ್ಚಿಹೋಗಿದ್ದರೆ ಆ ಹೊಗೆ ಕಾರಿನೊಳಗೇ ತುಂಬಿಕೊಳ್ಳುತ್ತದೆ.

ಕಾನೂನು ಊರಿಂದೂರಿಗೆ ಬೇರೆ. ಟೊರಾಂಟೊದಲ್ಲಿ ಗಂಟೆಯೊಂದರಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಎಂಜಿನ್ ಸುಮ್ಮನೆ ಓಡಿಸುವಂತಿಲ್ಲ. ಕೊಲರಾಡೊ ರಾಜ್ಯದಲ್ಲಿ ಓಡುವ ಕಾರನ್ನು ಬಿಟ್ಟುಹೋಗುವುದು ಅಪರಾಧ, ಕಳ್ಳರಿಗೆ ಆಹ್ವಾನವೆಂಬ ಕಾರಣಕ್ಕೆ; 2016ರಲ್ಲಿ ರಿಮೋಟ್ ಸ್ಟಾರ್ಟರಿಗೆ ಮಾತ್ರ ವಿನಾಯಿತಿ ಕೊಟ್ಟರು, ಏಕೆಂದರೆ ಕೀ ಒಳಗಿರುವುದಿಲ್ಲ. ನಮ್ಮ ನಾಡಿನಲ್ಲಿ ಸೌಲಭ್ಯದ ಉದ್ದೇಶವೇ ತಿರುಗುಮುರುಗು: 2019ರಲ್ಲಿ ಬಂದ ಹ್ಯುಂಡೈ ವೆನ್ಯೂದಂಥ ಕಾರುಗಳಲ್ಲಿ ಆಪ್ ಒತ್ತಿ ಎಂಜಿನ್ ಚಾಲೂ ಮಾಡುವುದು, ಏಪ್ರಿಲ್ ತಿಂಗಳ ಕಲಬುರಗಿಯ ಬಿಸಿಲಿನಲ್ಲಿ ಬೆಂದ ಸೀಟು ಹತ್ತುವ ಮೊದಲು ಎ.ಸಿ. ಓಡಲೆಂದು. ಆದರೆ 1988ರ ಮೋಟಾರು ವಾಹನಗಳ ಕಾಯ್ದೆಯ 126ನೇ ಕಲಮಿನಂತೆ, ಸಾರ್ವಜನಿಕ ಸ್ಥಳದಲ್ಲಿ ನಿಂತ ವಾಹನದ ಚಾಲಕನ ಆಸನದಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು, ಇಲ್ಲವೇ ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು. ಸ್ವಂತ ಕಾಂಪೌಂಡಿನೊಳಗೆ ಆ ತೊಡಕಿಲ್ಲ, ರಸ್ತೆಬದಿಯಲ್ಲಿ ಇದೆ.

ಸರ್ವಿಸಿಗೆ ಕಾರು ಬಿಡುವ ದಿನ ಮಾತ್ರ ಮರೆಯದೆ ಮಾಡಬೇಕಾದ ಕೆಲಸವೊಂದಿದೆ: ರಿಮೋಟಿನಿಂದ ಎಂಜಿನ್ ಚಾಲೂ ಆಗದಂತೆ ಸಾಧನವನ್ನು ವ್ಯಾಲೆ ಮೋಡ್‌ಗೆ ಹಾಕಿ, ರಿಮೋಟ್ ಇದೆಯೆಂದು ಬಾಯಿಬಿಟ್ಟು ಹೇಳುವುದು. ಗುಬ್ಬಿಗೂಡಿನ ಆ ಹಳೆಯ ಕಾರಿಗೆ ತಂತಿಗಳನ್ನೆಲ್ಲ ಹೊಸದಾಗಿ ಬೆಸೆಸಿ ಇನ್ನೂ ನಾಲ್ಕು ವರ್ಷ ಓಡಿಸಿದೆ. ಮಾರುವಾಗ ಯಾವ ಬಣ್ಣದ ತಂತಿ ಎಲ್ಲಿಗೆ ಸೇರಿದೆ, ಬಾನೆಟ್ ಸ್ವಿಚ್ ಎಲ್ಲಿದೆ, ಫ್ಯೂಸ್ ಎಷ್ಟು ಆಂಪಿಯರಿನದು ಎಂದು ಒಂದು ಹಾಳೆಯಲ್ಲಿ ಬರೆದು, ಮಡಚಿ, ಕೈಪಿಡಿಯ ಜೊತೆ ಗ್ಲೋವ್ ಬಾಕ್ಸಿನಲ್ಲಿಟ್ಟೆ. ಕೊಂಡ ಹುಡುಗ ಅದನ್ನು ತೆರೆದು ನೋಡಿ, ರಿಮೋಟನ್ನು ತಿರುಗಿಸಿ ಮುರುಗಿಸಿ, ಎಷ್ಟು ದೂರದಿಂದ ಕೆಲಸ ಮಾಡುತ್ತದೆ ಎಂದು ಕೇಳಿದ.